ಬಾಯಿ ಕಟ್ಟಿದ ಬಂದೂಕು

ಕರೇಕಲ್ಲು ಹಟ್ಟಿ,
ಹಿರೇಗುಂಟನೂರು ಅಂಚೆ
15–11–1987

ಯತ್ತಪ್ಪನಿಗೆ ಅವ್ವನ ಆಶೀರ್ವಾದ.

ನಿನ್ನ ಕಾಗದ ಮುಟ್ಟಿತು. ಅದರೊಳಗೆ ಮಡಚಿಟ್ಟಿದ್ದ ಇನ್ನೊಂದು ಕಾಗದವನ್ನೂ ಓದಿದೆ. ‘ತೀರಿಕೊಂಡ ನನ್ನ ಗಂಡ ಜುಂಜಯ್ಯನವರ ಹೆಸರಿನಲ್ಲಿದ್ದ ಒಂಟಿ ನಳಿಗೆಯ ಬಂದೂಕನ್ನು ಮಗ ಯತ್ತಪ್ಪನ ಹೆಸರಿಗೆ ಮಾಡಿಕೊಡಲು ನನ್ನ ತಕರಾರು ಏನೂ ಇರುವುದಿಲ್ಲ’ ಎಂದು ನೀನೇ ಬರೆದು, ನಾನು ಸಹಿ ಹಾಕುವ ಜಾಗಕ್ಕೆ ಪೆನ್ಸಿಲಿನಲ್ಲಿ ಗುರುತು ಮಾಡಿದ್ದೀಯ. ನನ್ನ ತಕರಾರು ಇದೆ. ಅದಕ್ಕೇ ಸಹಿ ಹಾಕದೆ ದೇವರ ಗೂಡಿನಲ್ಲಿ ಇಟ್ಟಿದ್ದೇನೆ.

ನಿನ್ನಪ್ಪ ಆ ಬಂದೂಕನ್ನು ತೋಳಕ್ಕೆ ಅಂತ ತಂದವರು. ಹದಿನೆಂಟು ವರ್ಷದಲ್ಲಿ ಮೂರು ಸಲ ಹಾರಿಸಿದರು, ಮೂರು ಸಲವೂ ಆಕಾಶಕ್ಕೆ. ಕುರಿಗಳನ್ನು ಕಾದದ್ದು ಬಂದೂಕಲ್ಲ, ನಾನು ಹಾಕುತ್ತಿದ್ದ ಬಾಯಿಕಟ್ಟು. ಕರಿ ಕಂಬಳಿಯ ಚೂರಿಗೆ ಜೇನುಮೇಣ, ಎರೆಮಣ್ಣು, ಧೂಪದ ಬೂದಿ ಮೆತ್ತಿ ಉಂಡೆ ಕಟ್ಟಿ, ನಮ್ಮ ದೇವರು ಜುಂಜಪ್ಪನ ಹೆಸರು ಹೇಳಿ ಕುರಿ ರೊಪ್ಪದ ಬಾಗಿಲಲ್ಲಿ ಹೂಳಬೇಕು. ಏಳು ಸೋಮವಾರ ಯಾರ ಮುಂದೆಯೂ ಅದರ ಮಾತೆತ್ತಬಾರದು. ಆಗ ತೋಳದ ಬಾಯಿ ಕಟ್ಟುತ್ತದೆ. ನಡುವೆ ಹೇಳಿಬಿಟ್ಟರೆ ಕಟ್ಟು ಬಿಚ್ಚಿ, ಯಾರನ್ನು ಕಾಯಲಿ ಅಂತ ಕಟ್ಟಿದೆವೋ ಅವರ ಮೇಲೇ ಬೀಳುತ್ತದೆ. ನೀನು ನಗುತ್ತೀಯ. ನಿನ್ನಪ್ಪನೂ ನಗುತ್ತಿದ್ದರು. ಆದರೂ ಪ್ರತಿ ಕಾರ್ತಿಕದಲ್ಲಿ “ಕಟ್ಟಿದ್ಯೇನೇ?” ಅಂತ ಕೇಳದೆ ಬಿಡುತ್ತಿರಲಿಲ್ಲ.

ಇನ್ನೊಂದು ಮಾತು. ಹತ್ತು ವರ್ಷಕ್ಕೇ ದುರ್ಗದ ಹಾಸ್ಟೆಲ್ಲು ಸೇರಿದ ನಿನಗೆ ನಮ್ಮ ಕಟ್ಟೆಯ ಕಟ್ಟಳೆ ನೆನಪಿದೆಯೋ ಇಲ್ಲವೋ. ನ್ಯಾಯ ಮಾತಾಡಲು ಬರುವವರು ಕೋಲು, ಕೊಡಲಿ, ಮಚ್ಚು ಏನಿದ್ದರೂ ಮುಳ್ಳುಬೇಲಿಯ ಆಚೆ ಇಟ್ಟು ಬರಬೇಕು. ಹಿರಿಯರು “ಹೊರಗಿಟ್ಟು ಮಾತಾಡಾಣ” ಅಂದ ಮೇಲೇ ಮಾತು ಶುರು. ಕೈಯಲ್ಲಿ ಆಯುಧ ಇದ್ದವನ ಮಾತು ಮಾತಲ್ಲ, ಅವನ ಮುಂದೆ ಆಡಿದ ಮಾತೂ ಮಾತಲ್ಲ. ನಾವು ಹೆಂಗಸರು ಕಟ್ಟೆ ಹತ್ತುವಂತಿಲ್ಲ. ಬೇಲಿಯ ಆಚೆ, ಆ ಕೊಡಲಿ ರಾಶಿಯ ಪಕ್ಕ ಕೂತು ಕೇಳುತ್ತೇವೆ.

ಹೋದ ಸೋಮವಾರ ಕಾವಲಿನ ವಿಷಯಕ್ಕೆ ಕಟ್ಟೆ ಸೇರಿತ್ತು. ನಮ್ಮ ಕುರಿ ಮೇಯುವ ಕಾವಲಿಗೆ ತಂತಿ ಬೇಲಿ ಹಾಕಿಕೊಂಡಿರುವ ನಾಗರಾಜಪ್ಪ ತನ್ನ ಜೀಪಿನಲ್ಲಿ ಬಂದ. ಜೋಡಿ ನಳಿಗೆಯ ಬಂದೂಕನ್ನು ತೊಡೆಯ ಮೇಲೆ ಇಟ್ಟುಕೊಂಡೇ ಕೂತ.

“ಹೊರಗಿಟ್ಟು ಮಾತಾಡಾಣ ಯಜಮಾನ್ರೇ,” ಅಂದರು ಹಿರಿಯರು.

“ಇದು ಆಯುಧ ಅಲ್ಲ ಕಣ್ರಪ್ಪ, ಲೈಸೆನ್ಸು,” ಅಂತ ನಕ್ಕ. “ಮಾತಾಡ್ರಿ. ಯಾರು ಬ್ಯಾಡ ಅಂದ್ರು?”

ಮೇವಿಲ್ಲ ಅಂತ ಹೇಳಲು ಹೋದವರು ಈ ಸಲ ಚಳಿ ಜಾಸ್ತಿ ಅಂತ ಹೇಳಿ ಎದ್ದು ಬಂದರು.

ಅಂಥದ್ದೇ ಇನ್ನೊಂದು ನಿನ್ನ ತೊಡೆಯ ಮೇಲೆ ಬೇಡ.

ನಿನ್ನ ಅವ್ವ,
ಚಿತ್ತಮ್ಮ

*

‘ಕಾವಲು’ ವಾರಪತ್ರಿಕೆ,
ಚಿತ್ರದುರ್ಗ
22–11–1987

ಅವ್ವನ ಪಾದಕ್ಕೆ.

ನಿನಗೆ ಗಾಬರಿ ಆಗಬಾರದು ಅಂತ ಹೋದ ಪತ್ರದಲ್ಲಿ ಬರೆದಿರಲಿಲ್ಲ. ಈಗ ಬರೆಯುತ್ತೇನೆ. ನಾಗರಾಜಪ್ಪ ಬಾಂದುಕಲ್ಲು ಸರಿಸಿ ಎಂಬತ್ತು ಎಕರೆ ಕಾವಲು ಒಳಗೆ ಹಾಕಿಕೊಂಡಿದ್ದಾನೆ ಎಂದು ನಾನು ಅಚ್ಚು ಹಾಕಿದ ಮರುದಿನ ಮೂವರು ನನ್ನ ಪ್ರೆಸ್ಸಿಗೆ ಬಂದರು. ಅಚ್ಚಿನ ಮೊಳೆಗಳಿದ್ದ ಮರದ ತಟ್ಟೆಗಳನ್ನೆಲ್ಲ ಎತ್ತಿ ಚರಂಡಿಗೆ ಸುರಿದರು. ಆಮೇಲೆ ಎರಡು ದಿನ ನಾನು ಕೊಳಚೆಯಲ್ಲಿ ಕೈಯಾಡಿಸಿ ಅಕ್ಷರ ಹೆಕ್ಕಿದೆ. ‘ನ’ ಒತ್ತು ಇನ್ನೂ ಸಿಕ್ಕಿಲ್ಲ. ಹೋಗುವಾಗ ಅವರಲ್ಲೊಬ್ಬ ಏನಂದ ಗೊತ್ತೇ? “ಏನಪ್ಪ ಸಂಪಾದಕ, ಕೈಗೆ ಮಸಿ ಅಂಟಿದ್ರೆ ತೊಳ್ಕಬಹುದು. ಕೈಯೇ ಇಲ್ದಿದ್ರೆ ಏನ್ ತೊಳ್ಕಂತೀಯ?”

ದೂರು ಕೊಟ್ಟೆ. ಬರೆದುಕೊಂಡರು, ಅಷ್ಟೇ.

ಅವ್ವ, ಈ ದೇಶದಲ್ಲಿ ಮಾತಾಡುವುದು ನನ್ನ ಹಕ್ಕು. ಬಂದೂಕು ಇಟ್ಟುಕೊಳ್ಳುವುದು ಹಕ್ಕಲ್ಲ, ಸರ್ಕಾರ ಕೊಡುವ ಅಪ್ಪಣೆ. ನಾಗರಾಜಪ್ಪನಿಗೆ ಅಪ್ಪಣೆ ಇದೆ, ನನಗೆ ಹಕ್ಕಿದೆ. ಇಬ್ಬರೂ ಎದುರುಬದುರು ಕೂತಾಗ ಯಾವುದು ದೊಡ್ಡದು ಅಂತ ನೀನೇ ಕಟ್ಟೆಯಲ್ಲಿ ನೋಡಿದೆಯಲ್ಲ. ಹೊರಗಿಡಬೇಕಾದವನು ಹೊರಗಿಡದೆ ಕೂತರೆ ಏನು ಮಾಡಬೇಕು ಅಂತ ನಿಮ್ಮ ಕಟ್ಟಳೆ ಹೇಳುತ್ತದೆಯೇ? ಹೇಳಿದರೆ ತಿಳಿಸು. ಅಲ್ಲಿಯವರೆಗೆ ನನ್ನ ಬಾಯಿಗೂ ಒಂದು ಕಾವಲು ಬೇಕು.

ಅಪ್ಪ ತೀರಿಕೊಂಡಾಗ ಠಾಣೆಗೆ ಒಪ್ಪಿಸಿದ ಬಂದೂಕು ಅಲ್ಲೇ ಇದೆ. ಒಂದು ವರ್ಷದಿಂದ ಓಡಾಡಿ ಉಳಿದದ್ದನ್ನೆಲ್ಲ ಮಾಡಿಸಿದ್ದೇನೆ. ನಿನ್ನ ಸಹಿ ಒಂದೇ ಬಾಕಿ.

ಅವರು ಮತ್ತೆ ಬರುತ್ತೇವೆ ಅಂದಿದ್ದಾರೆ.

ನಿನ್ನ ಮಗ,
ಯತ್ತಪ್ಪ

*

ಕರೇಕಲ್ಲು ಹಟ್ಟಿ
16–12–1987

ಯತ್ತಪ್ಪನಿಗೆ ಅವ್ವನ ಆಶೀರ್ವಾದ.

ಠಾಣೆಯಿಂದ ಬಿಡಿಸಿ ಮನೆಗೆ ತಂದಿದ್ದ ಬಂದೂಕನ್ನು ನೀನು ಭಾನುವಾರ ಗೋಣಿಯಲ್ಲಿ ಸುತ್ತಿಕೊಂಡು ಬಸ್ಸು ಹತ್ತಿದ ಮೇಲೆ ಹಟ್ಟಿಯವರೆಲ್ಲ ಒಬ್ಬೊಬ್ಬರಾಗಿ ಬಂದು “ಮಗ ಬಂದಿದ್ನಂತೆ?” ಅಂತ ಕೇಳಿ ಹೋದರು. ಮಗ ಏನು ತಂದಿದ್ದ ಅಂತ ಯಾರೂ ಕೇಳಲಿಲ್ಲ. ಎಲ್ಲರಿಗೂ ಗೊತ್ತಿತ್ತು.

ಸಹಿ ಹಾಕಿದ್ದು ನಿನ್ನ ವಾದಕ್ಕೆ ಸೋತಲ್ಲ. ಚರಂಡಿಯಲ್ಲಿ ಅಕ್ಷರ ಹೆಕ್ಕಿದೆ ಅಂತ ಬರೆದಿದ್ದೆಯಲ್ಲ, ಅದಕ್ಕೆ. ಅಕ್ಷರ ಅಂದರೆ ನನಗೆ ಸರಸ್ವತಿ. ಸ್ವಾತಂತ್ರ್ಯ ಬಂದ ವರ್ಷ ನಾನು ಹಿರೇಗುಂಟನೂರು ಸ್ಕೂಲಿನಲ್ಲಿ ನಾಲ್ಕನೇ ಕ್ಲಾಸು. ಮೇಷ್ಟ್ರು ಪೆಪ್ಪರಮೆಂಟು ಹಂಚಿ, “ಇನ್ನು ಮೇಲೆ ಯಾರು ಏನು ಬೇಕಾದರೂ ಮಾತಾಡಬಹುದು” ಅಂದರು. ನಾನು ಎದ್ದು ನಿಂತು “ಹೆಣ್ಣುಮಕ್ಕಳೂನಾ ಸಾ?” ಅಂದೆ. “ಮೊದಲು ಹದಿಮೂರರ ಮಗ್ಗಿ ಹೇಳು, ಆಮೇಲೆ ನೋಡಾಣ” ಅಂದರು. ಹದಿಮೂರು ಆರಲ ಹತ್ತಿರ ನಿಂತುಹೋಯಿತು. ಇವತ್ತಿಗೂ ಅಲ್ಲೇ ನಿಂತಿದ್ದೇನೆ.

ಭಾನುವಾರ ಬೆಳಿಗ್ಗೆ ನೀನು ಬಾವಿಗೆ ಹೋಗಿದ್ದಾಗ ನಾನು ಬಂದೂಕನ್ನು ದೇವರ ಮುಂದೆ ಇಟ್ಟು ಮಾಡಬೇಕಾದ್ದನ್ನು ಮಾಡಿದ್ದೇನೆ. ಏನು ಅಂತ ಕೇಳಬೇಡ, ಏಳು ಸೋಮವಾರ ಕಳೆಯುವವರೆಗೆ ಹೇಳುವಂತಿಲ್ಲ. ಇಷ್ಟು ಮಾತ್ರ ತಿಳಿದುಕೋ. ಅದನ್ನು ಗೋಡೆಗೆ ತೂಗುಹಾಕುತ್ತೀಯೋ, ಹಾಕು. ನೋಡಿದವರು ಹೆದರಲಿ. ಆದರೆ ಯಾರ ಮೇಲೂ ಎತ್ತಬೇಡ. ನಿನ್ನಿಂದ ಒಂದು ಜೀವ ಹೋಯಿತು ಅನ್ನುವ ಮಾತು ನಾನು ಕೇಳುವುದಿಲ್ಲ ಅಂತ ಜುಂಜಪ್ಪನಿಗೆ ಹೇಳಿಬಿಟ್ಟಿದ್ದೇನೆ. ಅವನು ನೋಡಿಕೊಳ್ಳುತ್ತಾನೆ.

ಕಂಬಳಿ ಬಿಟ್ಟು ಹೋಗಿದ್ದೀಯ. ನಿನ್ನಪ್ಪನದು. ಅದರ ಅಂಚು ಹರಿದಿದೆ, ಹೊಲಿದು ಕಳಿಸುತ್ತೇನೆ.

ನಿನ್ನ ಅವ್ವ,
ಚಿತ್ತಮ್ಮ

*

ಚಿತ್ರದುರ್ಗ
30–12–1987

ಅವ್ವನ ಪಾದಕ್ಕೆ.

ಬಂದೂಕು ನನ್ನ ಮೇಜಿನ ಹಿಂದೆ ಗೋಡೆಯಲ್ಲಿದೆ. ಒಂದು ದೊಡ್ಡ ಮೊಳೆ ಹೊಡೆದು ತೂಗುಹಾಕಿದ್ದೇನೆ. ತೋಟಾ ತುಂಬಿಯೇ ಇಟ್ಟಿದ್ದೇನೆ. ತುಂಬದ ಬಂದೂಕು ಅಚ್ಚಾಗದ ಸುದ್ದಿಯ ಹಾಗೆ, ಯಾರಿಗೂ ಲೆಕ್ಕವಿಲ್ಲ. ಆ ಮೂವರು ಮತ್ತೆ ಬರಲಿಲ್ಲ. ಒಮ್ಮೆ ಎದುರಿನ ಟೀ ಅಂಗಡಿಯವರೆಗೆ ಬಂದು, ಬಾಗಿಲಿನಿಂದ ಗೋಡೆ ನೋಡಿ, ಟೀ ಕುಡಿದು ಹೋದರು. ಈಗ ನೀನೇ ಹೇಳು.

ಒಂದು ವಿಚಿತ್ರ ಮಾತ್ರ ಆಗಿದೆ. ಮೊದಲು ಸಂತೆಗೆ ಬಂದವರು ನನ್ನ ಹೊಸ್ತಿಲ ಮೇಲೆ ಕೂತು ಒಂದು ಗಂಟೆ ಊರ ಸುದ್ದಿ ಹೇಳುತ್ತಿದ್ದರು. ಹೊಳಲ್ಕೆರೆಯಲ್ಲಿ ಯಾರ ಪಂಪು ಕದ್ದರು, ಬಿ.ದುರ್ಗದಲ್ಲಿ ಯಾರು ಯಾರನ್ನು ಬಿಟ್ಟು ಹೋದರು, ಎಲ್ಲ. ನನ್ನ ಪತ್ರಿಕೆ ತುಂಬುತ್ತಿದ್ದದ್ದೇ ಹಾಗೆ. ಈಗ ಬರುತ್ತಾರೆ, ನಮಸ್ಕಾರ ಹಾಕುತ್ತಾರೆ, “ಎಲ್ಲಾ ಚೆನ್ನಾಗೈತ್ರಿ” ಅನ್ನುತ್ತಾರೆ, ಎದ್ದು ಹೋಗುತ್ತಾರೆ. ಮರ್ಯಾದೆ ಜಾಸ್ತಿಯಾಗಿದೆ, ಸುದ್ದಿ ಕಮ್ಮಿಯಾಗಿದೆ.

ಬಂದೂಕು ರಿಪೇರಿಯ ಕಾಟಲಿಂಗಪ್ಪನವರು ಮೊನ್ನೆ ಸಿಕ್ಕಿದ್ದರು. ತಂದು ತೋರಿಸು, ನಳಿಗೆ ಹಳೆಯದು ಅಂದರು. ಹೊಸದುರ್ಗದ ಕಡೆ ಒಬ್ಬ ರೈತನ ಬಂದೂಕಿನ ನಳಿಗೆಯೊಳಗೆ ಕಣಜ ಮಣ್ಣಿನ ಗೂಡು ಕಟ್ಟಿತ್ತಂತೆ. ನೋಡದೆ ಹಂದಿಗೆ ಹೊಡೆದ. ನಳಿಗೆ ಬುಡದಲ್ಲಿ ಸೀಳಿ ಮೂರು ಬೆರಳು ಹಾರಿಹೋದವಂತೆ. “ಬಂದೂಕಿಗೆ ಒಂದೇ ಬಾಯಿ ಅಂತ ತಿಳ್ಕಂಡೀರಿ ನೀವು,” ಅಂದರು. “ಮುಂದಿನ ಬಾಯಿ ಮುಚ್ಚಿದ್ರೆ ಅದು ಹಿಂದೆ ಬಾಯಿ ಮಾಡ್ಕಂತೈತೆ.” ಎಷ್ಟು ಚೆನ್ನಾಗಿ ಮಾತಾಡುತ್ತಾರೆ ನೋಡು! ಬಿಡುವಾದಾಗ ತೋರಿಸಬೇಕು.

ಕಂಬಳಿಗೆ ಅವಸರವಿಲ್ಲ.

ನಿನ್ನ ಮಗ,
ಯತ್ತಪ್ಪ

*

ಕರೇಕಲ್ಲು ಹಟ್ಟಿ
5–1–1988

ಯತ್ತಪ್ಪ,

ನಿನ್ನ ಕಾಗದ ನಿನ್ನೆ ಬಂತು. ನಿನ್ನೆಗೆ ನಾಲ್ಕು ಸೋಮವಾರ.

ಬಿಡುವು ಮಾಡಿಕೋ. ಕಾಟಲಿಂಗಪ್ಪನವರ ಹತ್ತಿರ ನಾಳೆಯೇ ತೆಗೆದುಕೊಂಡು ಹೋಗು. ನಳಿಗೆಯೊಳಗೆ ಇಣುಕಿ ನೋಡಲು ಹೇಳು. ನಿನ್ನಪ್ಪ ಹೋದ ಮೇಲೆ ಒಂದು ವರ್ಷ ಠಾಣೆಯಲ್ಲಿ ಬಿದ್ದಿತ್ತು, ಕಣಜ ಕಟ್ಟಿದ್ದರೂ ಕಟ್ಟಿರಬಹುದು. ಅಲ್ಲಿಯವರೆಗೆ ತೋಟಾ ತೆಗೆದಿಡು.

ಇದರ ಮೇಲೆ ಎರಡು ಸಾಲು ಹೊಡೆದುಹಾಕಿದ್ದೇನೆ. ಅದನ್ನು ಬೆಳಕಿಗೆ ಹಿಡಿದು ಓದಲು ನೋಡಬೇಡ. ನಾನು ಹೇಳಿದರೂ ಕೇಡು, ಹೇಳದಿದ್ದರೂ ಕೇಡು ಅನ್ನುವ ಜಾಗದಲ್ಲಿ ಕೂತಿದ್ದೇನೆ. ದಿನಾ ಎರಡು ಹೊತ್ತು ಜುಂಜಪ್ಪನ ಮುಂದೆ ದೀಪ ಹಚ್ಚುತ್ತಿದ್ದೇನೆ. ಇನ್ನು ಮೂರು ಸೋಮವಾರ ಹೇಗಾದರೂ ಕಳೆಯಲಿ.

ಇನ್ನೊಂದು. ಇಲ್ಲಿಯ ಒಬ್ಬರು ನಿನ್ನ ಹತ್ತಿರ ಒಂದು ಮಾತು ಹೇಳಬೇಕು ಅಂತಿದ್ದಾರೆ. ಕಾವಲಿನ ವಿಷಯಕ್ಕೆ ಅದಕ್ಕಿಂತ ದೊಡ್ಡ ಮಾತಿಲ್ಲ. ಹೆಸರು ಬರೆಯುವುದಿಲ್ಲ. ನಮ್ಮ ಅಂಚೆಚೀಲ ಇಳಿಯುವುದು ನಾಗರಾಜಪ್ಪನ ಜಗಲಿಯ ಮೇಲೆ. ಅವರು ಬಂದರೆ ಕೂರಿಸಿ, ನೀರು ಕೊಟ್ಟು, ಮಾತಾಡಿಸು.

ತೋಟಾ ತೆಗೆದಿಡು.

ಅವ್ವ

*

ಚಿತ್ರದುರ್ಗ
23–1–1988

ಅವ್ವನ ಪಾದಕ್ಕೆ.

ಮೊದಲಿಗೆ, ನಾನು ಚೆನ್ನಾಗಿದ್ದೇನೆ. ಎಡಗೆನ್ನೆಯ ಮೇಲೆ ಒಂದು ಗೀರು ಬಿಟ್ಟರೆ ಏನೂ ಆಗಿಲ್ಲ. ಸುದ್ದಿ ನನಗಿಂತ ಮೊದಲೇ ಹಟ್ಟಿ ಮುಟ್ಟಿರುತ್ತದೆ. ಆದ್ದರಿಂದ ನಡೆದದ್ದು ನಡೆದ ಹಾಗೆ ಬರೆಯುತ್ತೇನೆ.

ಗುರುವಾರ ಮಧ್ಯಾಹ್ನ ಪ್ರೆಸ್ಸಿನಲ್ಲಿ ನಾನೊಬ್ಬನೇ ಮೊಳೆ ಜೋಡಿಸುತ್ತಿದ್ದೆ. ನಾಗರಾಜಪ್ಪನ ತಂತಿ ಬೇಲಿ ಕಾಯುವ ರಂಗಪ್ಪ ಒಳಗೆ ಬಂದ. ಹಿಂದೆ ಅಪ್ಪನ ಜೊತೆ ಕುರಿ ಮೇಯಿಸುತ್ತಿದ್ದವನೇ. ನಿಂತ, ನನ್ನನ್ನು ನೋಡಲಿಲ್ಲ, ಗೋಡೆ ನೋಡಿದ. ಏನೋ ಗೊಣಗಿದ, ‘ಹೊರಗೆ’ ಅನ್ನುವುದು ಮಾತ್ರ ಕೇಳಿಸಿತು. ಮೇಜು ಸುತ್ತಿ ಬಂದು ಎರಡೂ ಕೈ ಎತ್ತಿ ಬಂದೂಕನ್ನು ಮೊಳೆಯಿಂದ ತೆಗೆದ. ನಾನು ಹಾರಿ ಹಿಡಿದೆ. ಎಳೆದಾಟದಲ್ಲಿ ಯಾರ ಬೆರಳು ಎಲ್ಲಿ ತಗುಲಿತೋ, ಸಿಡಿಯಿತು. ನಳಿಗೆ ಬಾಳೆದಿಂಡಿನ ಹಾಗೆ ಬುಡದಲ್ಲಿ ಸೀಳಿತು, ಅವನ ಕಡೆಗೆ. ಬಲಗೈ ಮಣಿಕಟ್ಟಿನವರೆಗೆ ಹೋಗಿದೆ. ಬಲಗಣ್ಣೂ ಹೋಗಿದೆ.

ದೊಡ್ಡಾಸ್ಪತ್ರೆಯಲ್ಲಿ ಪೊಲೀಸ್ ಕಾವಲಿನಲ್ಲಿ ಇಟ್ಟಿದ್ದಾರೆ. ಕೊಲೆ ಯತ್ನದ ಕೇಸು. ಅವನು ಬಾಯೇ ಬಿಡುತ್ತಿಲ್ಲವಂತೆ. ಒಂದು ಕೋಲು ಹೊಸ್ತಿಲ ಆಚೆ ಸಿಕ್ಕಿತು. ಜೊತೆಗೆ ಬಂದು ಓಡಿಹೋದವನದ್ದು ಇರಬೇಕು ಅಂತ ಪೊಲೀಸರ ಲೆಕ್ಕ.

ಊರಿಗೆ ಊರೇ ಜುಂಜಪ್ಪನ ಪವಾಡ ಅನ್ನುತ್ತಿದೆ. ಈ ವಾರದ ತಲೆಬರಹ: ‘ಕೊಲ್ಲಲು ಬಂದವನ ಕೈಯಲ್ಲೇ ಸಿಡಿದ ಬಂದೂಕು’. ಇದ್ದ ಪ್ರತಿಯೆಲ್ಲ ಮುಗಿದು ಮತ್ತೆ ಅಚ್ಚು ಹಾಕಿದೆ. ಜೀವನದಲ್ಲಿ ಮೊದಲ ಸಲ ನಿನ್ನ ದೇವರ ಹೆಸರನ್ನು ಪತ್ರಿಕೆಯಲ್ಲಿ ಬರೆದೆ. ಸಂತೋಷವೇ?

ಕಾಟಲಿಂಗಪ್ಪನವರ ಹತ್ತಿರ ಹೋಗಲು ಬಿಡುವಾಗಲೇ ಇಲ್ಲ. ಒಳ್ಳೆಯದೇ ಆಯಿತು.

ನಿನ್ನ ಮಗ,
ಯತ್ತಪ್ಪ

*

ಕರೇಕಲ್ಲು ಹಟ್ಟಿ
26–1–1988

ಯತ್ತಪ್ಪ,

ಈ ಕಾಗದವನ್ನು ಅಂಚೆಗೆ ಹಾಕದೆ ಬಸ್ಸಿನ ಕಂಡಕ್ಟರ ಕೈಗೆ ಕೊಟ್ಟು ಕಳಿಸುತ್ತಿದ್ದೇನೆ. ಹೋದ ಕಾಗದವನ್ನೂ ಹೀಗೇ ಕಳಿಸಿದ್ದರೆ ಹೆಸರು ಬರೆಯಬಹುದಿತ್ತು. ನನಗೆ ಹೊಳೆಯಲಿಲ್ಲ. ಅದೊಂದು ಸಾಯುವವರೆಗೆ ಇರುತ್ತದೆ.

ನಿನ್ನೆಗೆ ಏಳನೇ ಸೋಮವಾರ ಮುಗಿಯಿತು. ಈಗ ಹೇಳಬಹುದು. ಹೇಳಿ ಏನು ಬಂತು ಅಂತ ಕೇಳಬೇಡ.

ಅದು ಪವಾಡ ಅಲ್ಲ. ನಾನು. ನೀನು ಬಾವಿಗೆ ಹೋಗಿದ್ದಾಗ ನಿನ್ನಪ್ಪನ ಕಂಬಳಿಯ ಅಂಚು ಹರಿದು, ಮೇಣ, ಎರೆಮಣ್ಣು, ಬೂದಿ ಸೇರಿಸಿ ಉಂಡೆ ಕಟ್ಟಿ, ನಳಿಗೆಯ ಬಾಯಿಂದ ಹಾಕಿ ಕುರಿ ಕೋಲಿನಲ್ಲಿ ಒಳಕ್ಕೆ ನೂಕಿದೆ. ಹೊರಗಿನಿಂದ ನೋಡಿದರೆ ಕಾಣದಷ್ಟು ಒಳಕ್ಕೆ. ತೋಳದ ಬಾಯಿ ಕಟ್ಟಿದರೆ ತೋಳ ಸುಮ್ಮನಾಗುತ್ತದೆ. ಬಂದೂಕಿನ ಬಾಯಿ ಕಟ್ಟಿದರೆ ಬಂದೂಕು ಸುಮ್ಮನಾಗುತ್ತದೆ ಅಂದುಕೊಂಡೆ. ನೀನು ಕೊಲ್ಲಬಾರದು, ಅಷ್ಟೇ ನನಗೆ ಬೇಕಾಗಿದ್ದದ್ದು. ಕಣಜದ ಕಥೆ ನೀನು ಬರೆದ ದಿನವೇ ಗೊತ್ತಾಯಿತು. ಹೇಳಿದರೆ ಕಟ್ಟು ಬಿಚ್ಚಿ ನಿನ್ನ ಮೇಲೆ ಬೀಳುತ್ತದೆ ಅಂತ ಹೆದರಿ ಅರ್ಧ ಹೇಳಿದೆ. ಅರ್ಧ ಹೇಳಿದ್ದಕ್ಕೆ ಅವನ ಅರ್ಧ ಮುಖ ಹೋಯಿತು.

ರಂಗಪ್ಪನ ಹೆಂಡತಿ ಬೊಮ್ಮಕ್ಕ ನಿನ್ನೆ ಬಂದಿದ್ದಳು. ನಾನು ಎದ್ದು ನಿಂತೆ. ಅವಳೇ ಹೇಳಿದಳು:

“ಅಕ್ಕ, ಅವರು ಒಂದೇ ಒಂದು ಮಾತಾಡ್ಯಾರೆ. ಸಿಡಿದಾಗ ಸುಟ್ಟ ಉಣ್ಣೆ ವಾಸನೆ ಬಂತಂತೆ. ಕರಿ ಕಂಬಳಿ ವಾಸನೆ. ಬಾಯಿಕಟ್ಟು ಅಂತ ಗೊತ್ತಾತು, ಯಾರಿಗೂ ಹೇಳಾಕಿಲ್ಲ, ಚಿತ್ತಮ್ಮಕ್ಕನಿಗೆ ಹೇಳು ಹೆದರಬ್ಯಾಡ ಅಂತ, ಅಂದ್ರು.”

ಕೈ ಹೋದವನು ನನಗೆ ಹೆದರಬೇಡ ಅಂತ ಹೇಳಿ ಕಳಿಸಿದ್ದಾನೆ.

ಈಗ ಕೇಳು. ನಾನು ಹೆಸರು ಬರೆಯದೆ ಇದ್ದವನು ರಂಗಪ್ಪನೇ. ಬಾಂದುಕಲ್ಲು ಕಿತ್ತು ಹೊತ್ತದ್ದು ಅವನ ಹೆಗಲೇ. ಅದನ್ನು ನಿನ್ನ ಮುಂದೆ ಹೇಳಿ, ಬೇಕಾದರೆ ಕೋರ್ಟಿನಲ್ಲೂ ಹೇಳುತ್ತೇನೆ ಅಂತ ಹೊರಟವನು. ಕೋಲು ಹೊಸ್ತಿಲ ಆಚೆ ಇತ್ತು ಅಂತ ನೀನೇ ಬರೆದಿದ್ದೀಯ. ಜೊತೆಗೆ ಯಾರೂ ಬಂದಿರಲಿಲ್ಲ ಮಗನೇ. ಅದು ಅವನದೇ ಕೋಲು. ಅವನು ಏನು ಗೊಣಗಿದ? ಬರಿ ‘ಹೊರಗೆ’ ಅಂದನೇ? ಸರಿಯಾಗಿ ನೆನಪು ಮಾಡಿಕೊಂಡು ಬರೆ.

ನಾಗರಾಜಪ್ಪ ನಿನ್ನ ಪತ್ರಿಕೆ ತರಿಸಿ ಮನೆಮನೆಗೂ ಹಂಚಿದ್ದಾನೆ. ನಮ್ಮ ಮನೆಗೆ ತಾನೇ ತಂದುಕೊಟ್ಟ. “ಚಿತ್ತಮ್ಮ, ನಿನ್ ಮಗ ಈ ಸಲ ಭಾಳ ಚೆನ್ನಾಗಿ ಬರ್ದಾನೆ,” ಅಂದ. “ಹಿಂಗೇ ಬರೀಲಿ.”

ಅವ್ವ

*

ಚಿತ್ರದುರ್ಗ
30–1–1988

ಅವ್ವ,

ನಿನ್ನ ಕಾಗದ ಓದಿ ಪ್ರೆಸ್ಸಿನ ಬಾಗಿಲು ಹಾಕಿಕೊಂಡು ಕೂತೆ.

ಅವನು ಅಂದದ್ದು, “ಹೊರಗಿಡಾಣ ನಡಿಯಪ್ಪಿ.” ಅದನ್ನು ನಾನು ‘ಹೊರಗೆ ನಡಿ’ ಅಂತ ತಿಳಿದುಕೊಂಡೆ. ಕಟ್ಟೆಯ ಕಟ್ಟಳೆಯನ್ನು ನೀನು ನವೆಂಬರಿನಲ್ಲೇ ಬರೆದಿದ್ದೆ. ಓದಿದಾಗ ಮುಂದಿನ ಸಂಚಿಕೆಗೆ ಒಳ್ಳೆಯ ಬರಹ ಆಗುತ್ತದೆ ಅಂದುಕೊಂಡಿದ್ದೆ, ಅಷ್ಟೇ. ನನ್ನ ಗೋಡೆಯ ಮೇಲಿದ್ದದ್ದನ್ನು ಹೊರಗಿಟ್ಟು ಬಂದು ಮಾತಾಡಲು ಹೊರಟಿದ್ದ. ನಾನು ಅವನ ಕೈ ಹಿಡಿದೆ.

ಆದರೆ ಅವ್ವ, ಈಗ ನೀನು ಸ್ವಲ್ಪ ತಾಳು. ನಳಿಗೆಗೆ ಉಂಡೆ ತುರುಕಿದ್ದು ನೀನು ಅಂತ ಗೊತ್ತಾದರೆ ಮೊದಲು ಒಳಗೆ ಹೋಗುವವಳು ನೀನು. ತೋಟಾ ತುಂಬಿ ತೂಗುಹಾಕಿದ್ದಕ್ಕೆ ನನ್ನ ಲೈಸೆನ್ಸು ಹೋಗುತ್ತದೆ, ಕೇಸು ನನ್ನ ಮೇಲೆ ತಿರುಗುತ್ತದೆ. ಸುಳ್ಳು ಅಚ್ಚು ಹಾಕಿದವನು ಅಂತ ಆದ ಮೇಲೆ ನಾಗರಾಜಪ್ಪನ ಬಗ್ಗೆ ಬರೆದ ಸತ್ಯವನ್ನೂ ಯಾರೂ ನಂಬುವುದಿಲ್ಲ. ಕಾವಲೂ ಹೋಗುತ್ತದೆ, ‘ಕಾವಲು’ ಕೂಡ ಹೋಗುತ್ತದೆ. ರಂಗಪ್ಪನೇ ಹೇಳುವುದಿಲ್ಲ ಅಂದಿದ್ದಾನಲ್ಲ. ಅವನಿಗೆ ವಕೀಲರನ್ನು ನಾನೇ ನೋಡುತ್ತೇನೆ, ಮೆಲ್ಲಗೆ ಏನಾದರೂ ಮಾಡಾಣ. ನೀನು ಮಾತ್ರ ಬಾಯಿ ಮುಚ್ಚಿಕೊಂಡಿರು. ಬೊಮ್ಮಕ್ಕನ ಹತ್ತಿರವೂ ಮಾತಾಡಬೇಡ, ದೇವರ ಹತ್ತಿರವೂ ಗಟ್ಟಿಯಾಗಿ ಮಾತಾಡಬೇಡ.

ಇದನ್ನೂ ಕಂಡಕ್ಟರ ಕೈಯಲ್ಲೇ ಕಳಿಸುತ್ತಿದ್ದೇನೆ. ಓದಿ ಒಲೆಗೆ ಹಾಕು. ನಿನ್ನ ಕಾಗದವನ್ನು ನಾನೂ ಸುಡುತ್ತೇನೆ.

ಯತ್ತಪ್ಪ

*

ಕರೇಕಲ್ಲು ಹಟ್ಟಿ
4–2–1988

ಮಗನೇ ಯತ್ತಪ್ಪ,

ಓದಿದೆ. ಒಲೆಗೆ ಹಾಕಲಿಲ್ಲ.

ಬಾಯಿ ಮುಚ್ಚಿಕೊಂಡಿರು ಅಂತ ನನಗೆ ಹೇಳಿದವರು ಬಹಳ ಜನ. ಮೇಷ್ಟ್ರು ಹೇಳಿದರು, ಕಟ್ಟೆ ಹೇಳಿತು, ನಿನ್ನಪ್ಪನೂ ಒಮ್ಮೊಮ್ಮೆ ಹೇಳಿದ್ದುಂಟು. ಅದನ್ನು ಬರೆದು ಕಳಿಸಿದವನು ನೀನೊಬ್ಬನೇ. ಬರೆಯುವುದು ನಿನ್ನ ಕಸುಬು ತಾನೇ.

ಬೈಯುತ್ತಿಲ್ಲ. ನೀನು ನನ್ನನ್ನು ಕಾಯಲು ಹೊರಟಿದ್ದೀಯ ಅಂತ ಗೊತ್ತು. ನಾನು ನಿನ್ನನ್ನು ಕಾಯಲು ಹೊರಟೆ, ನೋಡಿದೆಯಲ್ಲ ಏನಾಯಿತು ಅಂತ. ಮುಂದಿನ ಬಾಯಿ ಮುಚ್ಚಿದರೆ ಹಿಂದೆ ಬಾಯಿ ಮಾಡಿಕೊಳ್ಳುತ್ತದೆ ಅಂತ ಕಾಟಲಿಂಗಪ್ಪನವರು ಹೇಳಿದ್ದನ್ನು ನೀನೇ ನನಗೆ ಬರೆದದ್ದು.

ಈ ಸೋಮವಾರ ಕಟ್ಟೆ ಸೇರಿತ್ತು. ನಾನೂ ಹೋಗಿ ಬೇಲಿಯ ಆಚೆ ಕೂತೆ. ಬೊಮ್ಮಕ್ಕ ನನ್ನ ಪಕ್ಕ ಕೂತಳು. ಕೊಡಲಿ ರಾಶಿ ಇರಲಿಲ್ಲ ಮಗನೇ. ಒಂದು ಕೋಲು ಕೂಡ ಇರಲಿಲ್ಲ. ಎಲ್ಲರೂ ಒಳಗೇ ತೆಗೆದುಕೊಂಡು ಹೋಗಿದ್ದರು. “ಹೊರಗಿಟ್ಟೋನ ಕೈ ಹೋಯ್ತಲ್ಲ,” ಅಂತ ಯಾರೋ ಅಂದದ್ದು ಕೇಳಿಸಿತು. ಹಿರಿಯರು ಎರಡು ಸಲ ಗಂಟಲು ಸರಿಮಾಡಿಕೊಂಡರು. ಒಬ್ಬರ ಕೈ ಒಬ್ಬರು ನೋಡಿಕೊಂಡು ಕೂತು, ಎದ್ದು ಹೋದರು. ನಾಲ್ಕು ಮನೆಯವರು ಬಂದೂಕಿಗೆ ಅರ್ಜಿ ಹಾಕಿದ್ದಾರಂತೆ. ಬರೆದುಕೊಟ್ಟವನು ನಾಗರಾಜಪ್ಪನ ಗುಮಾಸ್ತ. ಮೇವಿನ ಮಾತು ಇನ್ನು ಈ ಕಟ್ಟೆಯಲ್ಲಿ ಹುಟ್ಟುವುದಿಲ್ಲ. ಅವನಿಗೆ ಬೇಕಾಗಿದ್ದದ್ದೂ ಅದೇ.

ನಾನು ದೇವರನ್ನು ಕೇಳಿದೆ. ಗಟ್ಟಿಯಾಗಿಯೇ ಕೇಳಿದೆ. ಏಳು ಸೋಮವಾರ ಹೇಳಬಾರದು ಅಂತ ಕಟ್ಟಳೆ ಇದೆ, ಆಮೇಲೆ ಹೇಳಬಾರದು ಅಂತ ಎಲ್ಲೂ ಇಲ್ಲ.

ಆದ್ದರಿಂದ ಬರುವ ಸೋಮವಾರ ಮೊದಲ ಬಸ್ಸಿಗೆ ದುರ್ಗಕ್ಕೆ ಬರುತ್ತೇನೆ. ಬೊಮ್ಮಕ್ಕನೂ ಬರುತ್ತಾಳೆ. ಮೊದಲು ಆಸ್ಪತ್ರೆಗೆ ಹೋಗಿ ರಂಗಪ್ಪನ ಎದುರಿಗೆ ಹೇಳುತ್ತೇನೆ. ಆಮೇಲೆ ಠಾಣೆಗೆ ಹೋಗಿ ಹೇಳುತ್ತೇನೆ: ಉಂಡೆ ನನ್ನದು, ಕೋಲು ಅವನದು, ಅವನು ಕೊಲ್ಲಲು ಬಂದವನಲ್ಲ, ಮಾತಾಡಲು ಬಂದವನು. ಬಾಂದುಕಲ್ಲಿನ ಮಾತನ್ನೂ ಹೇಳುತ್ತೇನೆ. ಕೂಡಿಹಾಕಿದರೆ ಕೂಡಿಹಾಕಲಿ. ಕುರಿಗಳನ್ನು ಪಕ್ಕದ ಮನೆಯ ದುರುಗಕ್ಕನಿಗೆ ಒಪ್ಪಿಸಿ ಬರುತ್ತೇನೆ. ನಡುವೆ ನಿನ್ನ ಪ್ರೆಸ್ಸಿಗೂ ಬರುತ್ತೇನೆ. ಗೋಡೆಯ ಆ ಮೊಳೆ ಕಿತ್ತುಹಾಕಿರು. ಅಚ್ಚಿನ ಮೊಳೆ ಜೋಡಿಸಿಟ್ಟುಕೊಂಡಿರು. ಈ ಕಾಗದವನ್ನು ಹೀಗೇ, ನಾನು ಬರೆದ ಹಾಗೇ, ನಿನ್ನ ತಲೆಬರಹದಷ್ಟೇ ದೊಡ್ಡ ಅಕ್ಷರದಲ್ಲಿ ಅಚ್ಚು ಹಾಕು. ತಪ್ಪಿದ್ದರೆ ತಿದ್ದಬೇಡ. ‘ನ’ ಒತ್ತು ಇಲ್ಲದಿದ್ದರೆ ಜಾಗ ಬಿಡು, ಓದುವವರು ತುಂಬಿಕೊಳ್ಳುತ್ತಾರೆ.

ಮೂರು ದಿನದಿಂದ ಹಟ್ಟಿಯ ಬಾಯಲ್ಲಿ ನಾಗರಾಜಪ್ಪನ ಜೀಪು ನಿಂತಿದೆ. ಒಳಗೆ ಯಾರು ಕೂತಿದ್ದಾರೆ ಅಂತ ಯಾರೂ ಇಣುಕಿ ನೋಡುವುದಿಲ್ಲ. ನಿನ್ನೆ ನೀರು ತರಲು ಹೋದಾಗ ಒಳಗಿನಿಂದ ಒಬ್ಬ, “ಅಮ್ಮ, ದುರ್ಗಕ್ಕೆ ಹೊಂಟೀಯಂತೆ. ಬಸ್ಸು ಯಾಕೆ, ನಾವೇ ಬಿಡ್ತೀವಿ ಬಾ,” ಅಂದ. ನಾನು ಯಾರಿಗೂ ಹೇಳಿರಲಿಲ್ಲ. ಬೊಮ್ಮಕ್ಕನ ಹತ್ತಿರ ಮಾತ್ರ, ಬೇಲಿಯ ಆಚೆ ಕೂತು, ಮೆಲ್ಲಗೆ ಹೇಳಿದ್ದೆ.

ಬಸ್ಸಿಗೇ ಬರುತ್ತೇನೆ. ಬರಿಗೈಯಲ್ಲಿ ಬರುತ್ತೇನೆ, ಕುರಿ ಕೋಲನ್ನೂ ತರುವುದಿಲ್ಲ. ನಿನ್ನ ಹೊಸ್ತಿಲ ಆಚೆ ಇಡಲು ನನ್ನ ಹತ್ತಿರ ಏನೂ ಇರುವುದಿಲ್ಲ.

ಕಂಬಳಿಯನ್ನು ಈ ಕಾಗದದ ಜೊತೆ ಕಂಡಕ್ಟರ ಕೈಯಲ್ಲೇ ಕಳಿಸಿದ್ದೇನೆ. ಹರಿದ ಅಂಚನ್ನು ಹೊಲಿದಿಲ್ಲ. ಠಾಣೆಯವರು ಕೇಳಿದರೆ ತೋರಿಸು, ನಳಿಗೆಯಲ್ಲಿ ಸುಟ್ಟು ಉಳಿದ ಚೂರು ಅದಕ್ಕೆ ಕೂಡುತ್ತದೆ.

ಸೋಮವಾರ ಹನ್ನೊಂದು ಗಂಟೆಯವರೆಗೆ ದಾರಿ ನೋಡು. ಅಷ್ಟರಲ್ಲಿ ನಾನು ಬರದಿದ್ದರೆ, ನನಗೆ ಕಾಯಬೇಡ. ಅಚ್ಚು ಹಾಕು.

ನಿನ್ನ ಅವ್ವ,
ಚಿತ್ತಮ್ಮ